ನಲವತ್ತಾರರ ಲೆಕ್ಕ

ಪ್ರೀತಿಯ ಕೊಡೆ ಮಹಾಶಯಾ,

ಹಾಸನದಲ್ಲಿ ಮಳೆ ಹಿಡಿದು ನಾಲ್ಕು ದಿನವಾಯಿತು. ಟ್ಯೂಷನ್ ಮಕ್ಕಳ ಚಪ್ಪಲಿಯ ಕೆಸರಿನಿಂದ ನಮ್ಮ ಜಗುಲಿ ನಾಟಿಗೆ ಸಿದ್ಧವಾಗಿದೆ. ಅವರಲ್ಲಿ ಒಂಬತ್ತನೇ ತರಗತಿಯವಳೊಬ್ಬಳಿಗೆ ಹೊಸ ಹುಚ್ಚು: ಎದುರಿಗೆ ಸಿಕ್ಕವರ ವಯಸ್ಸನ್ನು ಅವಿಭಾಜ್ಯ ಸಂಖ್ಯೆಗಳ ಮೊತ್ತವಾಗಿ ಒಡೆಯುವುದು. ತಪ್ಪು ನನ್ನದೇ. 2ಕ್ಕಿಂತ ದೊಡ್ಡ ಸಮ ಸಂಖ್ಯೆಗೆ ಎರಡು ತುಂಡು ಸಾಕೆಂಬ ಗೋಲ್ಡ್‌ಬಾಖ್ ಊಹೆಯನ್ನು ಹೇಳಿಕೊಟ್ಟವನು ನಾನು. ಬೆಸ ವಯಸ್ಸಿನವರನ್ನು ಮೂರು ತುಂಡು ಮಾಡುತ್ತಾಳೆ. ಅದಕ್ಕಾದರೂ 2013ರಲ್ಲಿ ಗಣಿತಜ್ಞ ಹೆಲ್ಫ್‌ಗಾಟ್ ಕೊಟ್ಟ ಪುರಾವೆಯ ಬೆಂಬಲವಿದೆ. ಮೊನ್ನೆ ನನ್ನ ಸರದಿ ಬಂತು. 3+43, 5+41, 17+29 ಎಂದು ಹಲಗೆಯ ಮೇಲೆ ಬರೆದು, ಸೀಮೆಸುಣ್ಣ ಕಚ್ಚಿಕೊಂಡು ಸ್ವಲ್ಪ ಹೊತ್ತು ನಿಂತು, ಕೊನೆಗೆ 23+23 ಎಂದು ಸೇರಿಸಿದಳು.

“ಎಲ್ಲಾ ಸಮ ಸಂಖ್ಯೆಗೂ ಹೀಗೇ ಆಗುತ್ತದೆಯೇ ಸಾರ್?”

4ರ ಮುಂದೆ 18 ಸೊನ್ನೆ ಬರೆದರೆ ಎಷ್ಟೋ, ಅಲ್ಲಿಯವರೆಗೆ ಕಂಪ್ಯೂಟರಿನಲ್ಲಿ ನೋಡಿದ್ದಾರೆ, ಒಂದೂ ತಪ್ಪಿಲ್ಲ ಎಂದೆ.

“ಹಾಗಾದರೆ ಸಾಧಿಸಿದ ಹಾಗೆಯೇ ಅಲ್ಲವೇ?”

ಅಲ್ಲಮ್ಮ, ಇದುವರೆಗೆ ಸಿಕ್ಕಿಬಿದ್ದಿಲ್ಲ, ಅಷ್ಟೇ ಎಂದೆ. ಎಂದವನಿಗೆ ರಾತ್ರಿ ನಿದ್ದೆ ಹತ್ತಲಿಲ್ಲ.

23ನೇ ವಯಸ್ಸಿನಲ್ಲಿ ನಮ್ಮಿಬ್ಬರಿಗೂ ಸಂಶೋಧನೆಗೆ ಸೀಟು ಸಿಕ್ಕಿತ್ತು. ನೀನು ಬೆಂಗಳೂರಿನ ಬಸ್ ಹತ್ತಿದೆ. ಅಪ್ಪನಿಗೆ ಹುಷಾರಿಲ್ಲವೆಂದು ನಾನು ಉಳಿದೆ. ಅಪ್ಪನಿಗೆ ಬಂದದ್ದು ನೆಗಡಿ. ನಿನ್ನ ಪಕ್ಕದಲ್ಲೇ ಕುಳಿತು ದಡ್ಡನೆನಿಸಿಕೊಳ್ಳಬೇಕಾಗುತ್ತದೆಂಬ ಹೆದರಿಕೆ ನನಗೆ. ಆ ದಿನ ನಿಲ್ದಾಣದಲ್ಲಿ ನಿನ್ನ ಟ್ರಂಕನ್ನು ಬಸ್ಸಿನ ಮೇಲಕ್ಕೆ ಎತ್ತಿ ಕೊಟ್ಟವರು ಯಾರು, ನೆನಪಿದೆಯೇ? ಅಪ್ಪನೇ ಕಣೋ. ನೀನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೀಗೆ ಇನ್ನೊಂದು 23 ಕಳೆಯಿತು.

ಇಷ್ಟು ಬರೆಯಬೇಕೆಂದಿರಲಿಲ್ಲ. ಮಾಸ್ಕೋದಿಂದ ಗೋಲ್ಡ್‌ಬಾಖ್ ಬರೆದ ಪತ್ರದಲ್ಲೂ ಈ ಊಹೆಯ ಮೂಲ ಇದ್ದದ್ದು ಕಾಗದದ ಅಂಚಿನಲ್ಲಿ. 1742ರ ಜೂನ್ 7ರ ಆ ಪತ್ರಕ್ಕೆ ಬರ್ಲಿನ್‌ನಲ್ಲಿದ್ದ ಗಣಿತಜ್ಞ ಆಯ್ಲರ್ ಜೂನ್ 30ಕ್ಕೇ ಉತ್ತರ ಬರೆದ: ಇದು ನಿಜವೆಂಬುದು ಖಚಿತ, ಆದರೆ ಸಾಧಿಸಲು ನನ್ನಿಂದಾಗದು ಎಂದು. ಕುದುರೆಗಾಡಿಯ ಕಾಲದಲ್ಲಿ 23 ದಿನ! ನಿನ್ನ ಕೈಯಲ್ಲಿ ಮೊಬೈಲ್ ಇದೆ. ಸಿಗ್ನಲ್ ಇರಲಿಲ್ಲ ಎನ್ನಬೇಡ, ನಾನು ಮಳೆಯಲ್ಲಿ ನೆಂದ ದಿನ ಕೊಡೆಯ ವಿಷಯದಲ್ಲೂ ನೀನು ಅದನ್ನೇ ಹೇಳಿದ್ದೆ.

ಇದನ್ನು ಓದುತ್ತಿರುವ ಪೋಷಕರೇ, ಫೀಸು ಕಡಿಮೆ ಮಾಡಿಸಲು ಬರಬೇಡಿ. ದಡ್ಡನಾದರೂ ಹತ್ತನೇ ತರಗತಿಯವರೆಗೆ ನಾನು ಗಟ್ಟಿ.

ಇಂತಿ,
ಆ ದಿನ ಪೂರ್ತಿ ನೆಂದವನು