ಲೆಕ್ಕಕ್ಕೆ ಸಿಗದ ಅಂಕ

ಕಾತ್ರಜ್, ಪುಣೆ
ರವಿವಾರ ರಾತ್ರಿ

ಪ್ರೀತಿಯ ಪುಟ್ಟಿಗೆ ಅಪ್ಪನ ಆಶೀರ್ವಾದಗಳು.

ಫೋನ್ ಇರುವಾಗ ಕಾಗದ ಯಾಕೆ ಎಂದು ನೀನು ನಗಬಹುದು. ಫೋನಿನಲ್ಲಿ ಮಾತಾಡಿ ಕೆಡಿಸಿದವನು ನಾನೇ, ಅದಕ್ಕೆ. ಟ್ಯುನೀಷಿಯಾದ ಮೊನಾಸ್ತೀರ್‌ನಿಂದ ಕರೆ ಮಾಡಿ ನೀನು, "ಅಪ್ಪಾ, ಇನ್ನು ಸಿಂಗಲ್ಸ್ ಬಿಡುತ್ತೇನೆ, ಡಬಲ್ಸ್ ಒಂದನ್ನೇ ಆಡುತ್ತೇನೆ" ಎಂದೆ. ನಾನು, "ಹನ್ನೆರಡು ವರ್ಷ ಟೆನಿಸ್‌ಗೆ ದುಡಿದು ಕೊನೆಗೆ ಅರ್ಧ ಅಂಗಣವೇ?" ಎಂದೆ. ನೀನು ಸುಮ್ಮನಾದೆ. ಆಮೇಲೆ ನೆಟ್‌ವರ್ಕ್ ಸರಿಯಿಲ್ಲ ಎಂದು ಫೋನ್ ಇಟ್ಟೆ. ನೆಟ್‌ವರ್ಕ್ ಚೆನ್ನಾಗಿಯೇ ಇತ್ತು, ಪುಟ್ಟಿ. ನಿನ್ನ ಹಿಂದೆ ಯಾರೋ ಚೆಂಡು ಪುಟಿಸುತ್ತಿದ್ದ ಸದ್ದೂ ನನಗೆ ಕೇಳಿಸುತ್ತಿತ್ತು. ಇದನ್ನು ಅಂಚೆಗೆ ಹಾಕಿದರೆ ಟ್ಯುನೀಷಿಯಾ ಮುಟ್ಟುವ ಹೊತ್ತಿಗೆ ನೀನು ಇನ್ನಾವುದೋ ದೇಶದಲ್ಲಿರುತ್ತೀಯ. ಹಾಗಾಗಿ ಬರೆದು, ಫೋಟೊ ತೆಗೆದು ಕಳಿಸುತ್ತೇನೆ. ಅಕ್ಷರ ಕಾಣದಿದ್ದರೆ ದೊಡ್ಡದು ಮಾಡಿಕೊಂಡು ಓದು.

ಮೊದಲನೆಯದಾಗಿ, ಅಳತೆಯ ಲೆಕ್ಕದಲ್ಲಿಯೇ ನನ್ನ ಮಾತು ತಪ್ಪು. ಸಿಂಗಲ್ಸ್ ಅಂಗಣದ ಅಗಲ 27 ಅಡಿ, ಡಬಲ್ಸ್‌ನದು 36. ಎರಡೂ ಮಗ್ಗುಲಲ್ಲಿ ನಾಲ್ಕೂವರೆ ಅಡಿಯ ಓಣಿ ಸೇರಿಕೊಳ್ಳುತ್ತದೆ. ಭೋಸರಿಯ ಕಾರ್ಖಾನೆಯಲ್ಲಿ ಮೂವತ್ತು ವರ್ಷ ನಟ್ಟು ಬೋಲ್ಟು ಎಣಿಸಿ ರಿಜಿಸ್ಟರ್ ಬರೆದ ಸ್ಟೋರ್‌ಕೀಪರ್ ಇಷ್ಟು ದೊಡ್ಡ ತಪ್ಪು ಮಾಡಬಾರದಿತ್ತು.

ಆ ಮಾತು ಎಲ್ಲಿಂದ ಬಂತು ಎಂದು ವಾರವಿಡೀ ಯೋಚಿಸಿದೆ. ನೀನು ಹನ್ನೊಂದರವಳಿದ್ದಾಗ ನಸುಕಿನ ಐದಕ್ಕೆ ಕಾತ್ರಜ್‌ನಿಂದ ಡೆಕ್ಕನ್‌ವರೆಗೆ ಸ್ಕೂಟರಿನಲ್ಲಿ ಕರೆದೊಯ್ಯುತ್ತಿದ್ದೆನಲ್ಲ, ಲಕಡಿ ಪೂಲ್ ಬರುವ ಹೊತ್ತಿಗೆ ನೀನು ನನ್ನ ಬೆನ್ನಿಗೆ ಕೆನ್ನೆ ಒತ್ತಿ ನಿದ್ದೆ ಹೋಗಿರುತ್ತಿದ್ದೆ. ಬಿದ್ದೀಯೆಂದು ನಿಮ್ಮವ್ವನ ಹಳೆಯ ಇಳಕಲ್ ಸೀರೆಯ ತುಂಡಿನಿಂದ ನಿನ್ನನ್ನು ನನ್ನ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದೆ. ಹಾಗೆ ಹೋಗುವಾಗ ನನ್ನ ಕಣ್ಣ ಮುಂದೆ ಇರುತ್ತಿದ್ದದ್ದು ಒಂದು ಸ್ಕೋರ್‌ಬೋರ್ಡ್, ಅದರಲ್ಲಿ ಒಂದೇ ಹೆಸರು. ಅದು ನನ್ನ ಆಸೆ. ನಿನ್ನನ್ನು ಕೇಳಿ ಇಟ್ಟುಕೊಂಡದ್ದಲ್ಲ. ಮೊನ್ನೆ ಕೆಳಗಿನ ಮನೆಯ ಕಾಕಾ ಗೇಟಿನ ಹತ್ತಿರ ನಿಲ್ಲಿಸಿ, "ಸಿಂಗಲ್ಸ್ ಸೋಡಲಾ ಕಾ?", ಸಿಂಗಲ್ಸ್ ಬಿಟ್ಟಳೇ, ಎಂದು ಮರಾಠಿಯಲ್ಲಿ ಕೇಳಿದರು. ಸಾವಿನ ಮನೆಗೆ ಮಾತಾಡಿಸಲು ಬಂದವರ ಹಾಗಿತ್ತು ಮುಖ. ನಾನೂ ಅದೇ ಮುಖ ಮಾಡಿಕೊಂಡು ತಲೆಯಾಡಿಸಿದೆ. ಈಗ ನೆನೆದರೆ ನಾಚಿಕೆ.

ಆ ರಾತ್ರಿ ಅಟ್ಟದ ಮೇಲಿನ ಟ್ರಂಕಿನಿಂದ ನಿನ್ನ ಪಂದ್ಯಗಳ ನೋಟ್‌ಬುಕ್ ಇಳಿಸಿದೆ. ನೀನು ಅದನ್ನು "ಅಪ್ಪನ ಸ್ಟಾಕ್ ರಿಜಿಸ್ಟರ್" ಎನ್ನುತ್ತಿದ್ದೆ. ಏಸ್‌ಗೆ ಒಂದು ಕಾಲಂ, ಡಬಲ್ ಫಾಲ್ಟ್‌ಗೆ ಒಂದು, ನೇರ ಗೆದ್ದ ಹೊಡೆತಕ್ಕೆ ಒಂದು, ಕೈಯಾರೆ ಕಳೆದುಕೊಂಡದ್ದಕ್ಕೆ ಒಂದು. ಸಿಂಗಲ್ಸ್ ಪುಟಗಳೆಲ್ಲ ಅಚ್ಚುಕಟ್ಟು. ಡಬಲ್ಸ್ ಪುಟಗಳಲ್ಲಿ ಮಾತ್ರ ನಿನ್ನ ಹೆಸರಿನ ಮುಂದೆ ಗೀಟುಗಳೇ ಕಡಿಮೆ. ಅವನ್ನು ನೋಡಿದಾಗ ಬಾಲೇವಾಡಿಯ ಆ ಪಂದ್ಯ ನೆನಪಾಯಿತು.

ಡ್ಯೂಸ್ ಆಗಿತ್ತು, ಅಂದರೆ 40-40 ಸಮ. ಸಿಂಗಲ್ಸ್ ಆಗಿದ್ದರೆ ಇನ್ನೂ ಎರಡು ಅಂಕ ಗೆಲ್ಲಬೇಕು. ನಿಮ್ಮ ಡಬಲ್ಸ್ ಟೂರ್ನಿಗಳಲ್ಲಿ ಅಡ್ವಾಂಟೇಜ್ ಇಲ್ಲ, ಒಂದೇ ಅಂಕಕ್ಕೆ ಗೇಮ್ ಮುಗಿಯುತ್ತದೆ, ಸರ್ವ್ ಎದುರಿಸುವವರು ಯಾರೆಂದು ಎದುರಾಳಿಗಳೇ ಆರಿಸುತ್ತಾರೆ. ಅವರು ಎತ್ತರದ ಹುಡುಗಿಯನ್ನು ನಿಲ್ಲಿಸಿದರು. ಸರ್ವ್ ನಿನ್ನ ಜೊತೆಗಾರ್ತಿಯದು. ನೀನು ನೆಟ್ ಹತ್ತಿರ ಬಗ್ಗಿ ನಿಂತು, ಎಡಗೈ ಬೆನ್ನ ಹಿಂದೆ ತಂದು, ಮುಷ್ಟಿಯನ್ನು ಒಮ್ಮೆ ಬಿಚ್ಚಿ ಮುಚ್ಚಿ ಅವಳಿಗೆ ಸನ್ನೆ ಮಾಡಿದೆ. ಸರ್ವ್ ನಡುಗೆರೆಯ ಮೇಲೆ ಬಿತ್ತು. ನೀನು ನಡುವಿಗೆ ಎರಡು ಹೆಜ್ಜೆ ಸರಿದೆ, ಅಷ್ಟೇ. ಆ ಹುಡುಗಿ ಅದನ್ನು ಓರೆಗಣ್ಣಿನಲ್ಲಿ ಕಂಡಳು. ಹೊಡೆಯಬೇಕೆಂದಿದ್ದ ಹೊಡೆತವನ್ನು ಕೊನೆಯ ಗಳಿಗೆಯಲ್ಲಿ ಬದಲಿಸಿ, ನೀನು ಬಿಟ್ಟು ಬಂದ ಓಣಿಗೆ ಚೆಂಡು ತೂರಲು ಹೋದಳು. ಚೆಂಡು ನೆಟ್‌ನ ಬಿಳಿ ಪಟ್ಟಿಗೆ ಬಡಿದು ಅವಳ ಕಡೆಗೇ ಬಿತ್ತು. ಜನ ಸರ್ವ್ ಮಾಡಿದವಳಿಗೆ ಚಪ್ಪಾಳೆ ತಟ್ಟಿದರು. ನಾನೂ ಅವಳ ಹೆಸರಿನ ಮುಂದೆ ಗೀಟು ಎಳೆದೆ.

ಸಂಜೆ ಅಮೃತತುಲ್ಯ ಚಹಾ ಅಂಗಡಿಯಲ್ಲಿ ಕೂತಾಗ ನೀನು ನೋಟ್‌ಬುಕ್ ಕಸಿದುಕೊಂಡು, "ಈ ಅಂಕ ನನ್ನದು, ಅಪ್ಪಾ" ಎಂದೆ. ಚೆಂಡನ್ನು ಮುಟ್ಟದವಳದು ಹೇಗಾಗುತ್ತದೆ ಎಂದು ನಾನು ಹಟ ಹಿಡಿದೆ. ನೀನು ನಾಲ್ಕು ಖಾರಿ ಬಿಸ್ಕತ್ತುಗಳನ್ನು ನಾಲ್ವರು ಆಟಗಾರ್ತಿಯರ ಹಾಗೆ ಮೇಜಿನ ಮೇಲಿಟ್ಟು, ಚಹಾದಲ್ಲಿ ಬೆರಳದ್ದಿ ನೆಟ್ ಎಳೆದು, ನಿನ್ನ ಬಿಸ್ಕತ್ತನ್ನು ನಡುವಿಗೆ ಸರಿಸಿ ತೋರಿಸಿದೆ. "ನಾನು ಸರಿದದ್ದಕ್ಕೇ ಅವಳು ಹೆದರಿದಳು. ಹೆದರಿಸಿದ್ದು ಯಾರು?" ಎಂದೆ. ನಾನು ಆ ಬಿಸ್ಕತ್ತನ್ನೇ ತಿಂದು ಮಾತು ಮುಗಿಸಿದೆ. ಅರ್ಥವಾದದ್ದು ಈ ವಾರ, ಪುಟ ತಿರುವುವಾಗ. ನಿನ್ನ ಅತ್ಯುತ್ತಮ ಆಟಕ್ಕೆ ನನ್ನ ರಿಜಿಸ್ಟರಿನಲ್ಲಿ ಕಾಲಂ ಇರಲಿಲ್ಲ. ಮೂವತ್ತು ವರ್ಷ ನಾನು ಬಂದ ಮಾಲು, ಹೋದ ಮಾಲು ಬರೆದವನು. ಬರಬೇಕಾದ ಅಪಾಯ ಬಾರದೆ ಹೋದದ್ದನ್ನು ಯಾವ ಸ್ಟೋರಿನಲ್ಲಿಯೂ ಬರೆಯುವುದಿಲ್ಲ.

ಇನ್ನೊಂದು ರಾತ್ರಿ ನೆನಪಿದೆಯೇ? 2015ರ ಜುಲೈ, ವಿಂಬಲ್ಡನ್. ನಿನಗೆ ಹದಿಮೂರು. ಸಾನಿಯಾ ಮಿರ್ಜಾ ಮತ್ತು ಮಾರ್ಟಿನಾ ಹಿಂಗಿಸ್ ರಷ್ಯಾದ ಮಕರೋವಾ, ವೆಸ್ನಿನಾ ವಿರುದ್ಧ ಮೊದಲ ಸೆಟ್ ಕಳೆದುಕೊಂಡು, ಎರಡನೆಯದನ್ನು ಟೈಬ್ರೇಕ್‌ನಲ್ಲಿ ಉಳಿಸಿಕೊಂಡು, ಮೂರನೆಯದರಲ್ಲಿ 2-5 ಹಿಂದಿದ್ದರು. ನಿಮ್ಮವ್ವ ಆಗಲೇ ಮಲಗಿದ್ದಳು, ನಾನು ಟಿವಿ ಆರಿಸಲು ಎದ್ದೆ. ನೀನು ರಿಮೋಟನ್ನು ಲಂಗದ ಕೆಳಗೆ ಬಚ್ಚಿಟ್ಟೆ. 5-5 ಆಯಿತು. ಅಲ್ಲಿ ಕತ್ತಲಾಗಿ, ಆಟ ನಿಲ್ಲಿಸಿ ಮೇಲ್ಛಾವಣಿ ಮುಚ್ಚಿದರು. ಇಲ್ಲಿ ಮಧ್ಯರಾತ್ರಿ ದಾಟಿತ್ತು. ಛಾವಣಿ ಮುಚ್ಚುವವರೆಗೆ ನಾವಿಬ್ಬರೂ ಒಗ್ಗರಣೆ ಚುರುಮುರಿ ತಿಂದೆವು. ಮತ್ತೆ ಆಟ ಶುರುವಾದ ಮೇಲೆ ಎರಡೇ ಗೇಮ್, 7-5. ಮಹಿಳೆಯರ ಡಬಲ್ಸ್‌ನಲ್ಲಿ ಭಾರತದ ಹೆಣ್ಣುಮಗಳೊಬ್ಬಳು ಗ್ರ್ಯಾನ್‌ಸ್ಲಾಂ ಗೆದ್ದದ್ದು ಅದೇ ಮೊದಲು. ನಾನು ಕುಣಿದದ್ದಕ್ಕೆ ನಿಮ್ಮವ್ವ ಎದ್ದು ಬಂದು ಬೈದಳು. ಅಂದು ನನಗೆ ಅರ್ಧ ಅಂಗಣ ಕಾಣಿಸಿರಲಿಲ್ಲ. ಪರರ ಮಕ್ಕಳ ವಿಷಯದಲ್ಲಿ ಕಣ್ಣು ಎಷ್ಟು ಚೊಕ್ಕ ನೋಡು.

ಸಾನಿಯಾ ಕೂಡ ಸಿಂಗಲ್ಸ್‌ನಲ್ಲಿ 2007ರಲ್ಲಿ 27ನೇ ರ್‍ಯಾಂಕ್‌ವರೆಗೆ ಹೋಗಿ ಬಂದವರು. ಮಣಿಕಟ್ಟಿನ ಶಸ್ತ್ರಚಿಕಿತ್ಸೆ, ಗಾಯಗಳು. 2013ರಲ್ಲಿ ಸಿಂಗಲ್ಸ್ ಬಿಟ್ಟರು. 2015ರ ಏಪ್ರಿಲ್ 13ರಂದು ಡಬಲ್ಸ್‌ನಲ್ಲಿ ವಿಶ್ವದ ಒಂದನೇ ರ್‍ಯಾಂಕ್. ತಾಯಿಯಾದ ಮೇಲೆ 2020ರ ಜನವರಿಯಲ್ಲಿ ಹೋಬಾರ್ಟ್‌ನಲ್ಲಿ ಮರಳಿ ಅಂಗಣಕ್ಕಿಳಿದು ಆ ಟೂರ್ನಿಯನ್ನೇ ಗೆದ್ದರು. ಅಷ್ಟು ದೂರ ಯಾಕೆ, ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಂಥ ಊರಿನ ಪ್ರಾರ್ಥನಾ ಠೋಂಬರೆ 2014ರ ಏಷ್ಯನ್ ಕ್ರೀಡಾಕೂಟದಲ್ಲಿ ಸಾನಿಯಾ ಜೊತೆ ಕಂಚು ಗೆದ್ದು, ರಿಯೊ ಒಲಿಂಪಿಕ್ಸ್‌ಗೂ ಹೋದವರು. ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಋತುಜಾ ಭೋಸಲೆ ನಮ್ಮ ಕೊಡಗಿನ ರೋಹನ್ ಬೋಪಣ್ಣನ ಜೊತೆ ಮಿಶ್ರ ಡಬಲ್ಸ್ ಚಿನ್ನ ಗೆದ್ದಾಗ ಮೊದಲ ಸೆಟ್ 2-6ರಲ್ಲಿ ಹೋಗಿತ್ತು. ಆ ಬೋಪಣ್ಣ ಒಂದನೇ ರ್‍ಯಾಂಕ್‌ಗೆ ಏರಿದ್ದು 43ನೇ ವಯಸ್ಸಿನಲ್ಲಿ. ಆ ವಯಸ್ಸಿಗೆ ನನಗೆ ಮೂರನೇ ಮಹಡಿ ಹತ್ತಿದರೆ ಏದುಸಿರು ಬರುತ್ತಿತ್ತು.

ಹಣದ ಮಾತು ಬಿಡಲಾರೆ, ಅಪ್ಪನಲ್ಲವೇ. ನೀನು ಆಡುವ 15,000 ಡಾಲರ್ ಟೂರ್ನಿಯಲ್ಲಿ ಡಬಲ್ಸ್ ಗೆದ್ದ ಜೋಡಿಗೆ ಸೇರಿ ಸಾವಿರ ಡಾಲರ್ ಕೂಡ ಬರುವುದಿಲ್ಲ. ಅದನ್ನು ಇಬ್ಬರೂ ಹಂಚಿಕೊಂಡು, ತೆರಿಗೆ ಕಳೆದು, ವಿಮಾನದ ಟಿಕೆಟ್ಟಿಗೆ ಎಷ್ಟು ಉಳಿಯುತ್ತದೆ ಎಂದು ನನಗೆ ಗೊತ್ತು, ಆ ಲೆಕ್ಕ ಬರೆಯುವವನು ನಾನೇ. ಮೇಲಕ್ಕೆ ಹೋದರೂ ಅದೇ ಕಥೆ. 2024ರ ವಿಂಬಲ್ಡನ್‌ನಲ್ಲಿ ಸಿಂಗಲ್ಸ್ ಗೆದ್ದವಳೊಬ್ಬಳಿಗೆ 27 ಲಕ್ಷ ಪೌಂಡ್, ಡಬಲ್ಸ್ ಗೆದ್ದ ಇಬ್ಬರಿಗೂ ಸೇರಿ 6.5 ಲಕ್ಷ. ಇದು ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಆದರೆ ಅನ್ಯಾಯ ಎಂದು ಗೊತ್ತಿದ್ದೂ ನೀನು ಆರಿಸಿಕೊಂಡಿದ್ದೀಯ, ಅದೂ ಆಟ ಕೈಕೊಟ್ಟದ್ದಕ್ಕಲ್ಲ, ನೆಟ್ ಹತ್ತಿರ ನಿಂತಾಗ ನಿನಗೆ ಸಿಗುವ ಖುಷಿಗಾಗಿ. ಅಂದು ಫೋನಿನಲ್ಲಿ ನೀನು ಹೇಳಲು ಹೊರಟದ್ದು ಇದೇ ಇರಬೇಕು. ನಾನು ಮುಗಿಸಲು ಬಿಡಲಿಲ್ಲ. ಮುಂದಿನ ಎರಡು ವರ್ಷದ ಖರ್ಚನ್ನು ನಾನು ನೋಡಿಕೊಳ್ಳುತ್ತೇನೆ. ಪಿಂಚಣಿಯವನ ಮಾತು ಎಂದು ನಗಬೇಡ, ಕೂಡಿಸಿ ಕಳೆದೇ ಹೇಳುತ್ತಿದ್ದೇನೆ.

ನಿನ್ನ ಸೋದರತ್ತೆಯ ಕಥೆ ಕೇಳು. ಇಳಕಲ್‌ನಿಂದ ಫೋನ್ ಮಾಡಿದ್ದಳು. ನಾನು ಯಾವ ಧ್ಯಾನದಲ್ಲಿದ್ದೆನೋ, "ಪುಟ್ಟಿಗೆ ಒಳ್ಳೆಯ ಜೋಡಿ ಸಿಕ್ಕಿದೆ" ಎಂದುಬಿಟ್ಟೆ. ಆ ಕಡೆಯಿಂದ ಒಂದೇ ಉಸಿರಿನಲ್ಲಿ, "ಹುಡುಗ ಏನು ಮಾಡುತ್ತಾನೆ, ಊರು ಯಾವುದು, ಹೊಲ ಎಷ್ಟು?" ನಾಗಪುರದ ಹುಡುಗಿ, ಬಲಗಡೆ ಆಡುತ್ತಾಳೆ, ಬ್ಯಾಕ್‌ಹ್ಯಾಂಡ್ ಸ್ವಲ್ಪ ಸಡಿಲ ಎಂದೆ. ಆಕೆ ಇನ್ನೂ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ನಗೆ ಇರಲಿ, ಸಂಬಂಧ ಕುದುರಿಸುವುದಕ್ಕಿಂತ ಇದು ಕಷ್ಟವೇ. ಇಬ್ಬರ ರ್‍ಯಾಂಕ್ ಕೂಡಿಸಿಯೇ ಟೂರ್ನಿಗೆ ಪ್ರವೇಶ. ಹಾಗಾಗಿ ಯಾರ ಸಂಖ್ಯೆ ಯಾರಿಗೆ ಭಾರ ಎಂಬ ಮಾತು ಆಡದಿದ್ದರೂ ನಡುವೆ ಕೂತಿರುತ್ತದೆ. ಸಾನಿಯಾ, ಹಿಂಗಿಸ್ ಕೂಡಿದ ಹೊಸದರಲ್ಲಿ ಇಂಡಿಯನ್ ವೆಲ್ಸ್, ಮಯಾಮಿ, ಚಾರ್ಲ್ಸ್‌ಟನ್ ಸಾಲಾಗಿ ಗೆದ್ದರು. ಆ ಜೋಡಿಯೂ 2016ರ ಆಗಸ್ಟ್‌ನಲ್ಲಿ ಬೇರೆಯಾಯಿತು, ಅದೇ ತಿಂಗಳು ಸಿನ್ಸಿನಾಟಿ ಫೈನಲ್‌ನಲ್ಲಿ ನೆಟ್‌ನ ಆಚೆ ಈಚೆ ನಿಂತರು. ಸಾನಿಯಾ ಬೇರೆ ಜೊತೆಗಾರ್ತಿಯೊಂದಿಗೆ ಗೆದ್ದು ಒಂದನೇ ಸ್ಥಾನದಲ್ಲಿ ಒಬ್ಬರೇ ಉಳಿದರು. ನಿನಗೂ ಇಂಥ ದಿನ ಬರುತ್ತದೆ. ಹೋದ ವರ್ಷ ಆ ಹಳೆಯ ಜೊತೆಗಾರ್ತಿ ಎರಡು ಸಾಲಿನ ಸಂದೇಶ ಕಳಿಸಿ ಬಿಟ್ಟು ಹೋದಾಗ ನೀನು ವಿಮಾನ ನಿಲ್ದಾಣದ ಶೌಚಾಲಯದಲ್ಲಿ ನಿಂತು ಕಣ್ಣೀರು ಹಾಕಿದೆಯಂತೆ, ನಿಮ್ಮವ್ವ ಹೇಳಿದಳು. ನನಗೆ ಹೇಳಲಿಲ್ಲ ನೀನು. ನಾಗಪುರದ ಹುಡುಗಿಯನ್ನು ಬಿಡಬೇಕಾಗಿ ಬಂದರೆ ಎದುರು ಕೂತು, ಊಟ ಮಾಡಿಸಿ, ಬಾಯಿ ಬಿಟ್ಟು ಹೇಳು. ಇದೊಂದು ಮಾತು ಮಾತ್ರ ಅಪ್ಪನ ಆಜ್ಞೆ ಎಂದುಕೋ.

ಇದನ್ನು ಬರೆಯುತ್ತಿರುವ ಮೇಜಿನ ಮೇಲೆಯೇ ನಿನ್ನ ಎರಡು ರ್‍ಯಾಕೆಟ್‌ಗಳಿವೆ. ಒಂದಕ್ಕೆ ಗಟ್ಟಿಂಗ್, ಅಂದರೆ ತಂತಿ ಹೆಣೆಯುವ ಕೆಲಸ, ಮುಗಿಯಿತು. ಉದ್ದಕ್ಕೆ 16 ಎಳೆ, ಅಡ್ಡಕ್ಕೆ 19. ಉದ್ದದವನ್ನು ನಡುವಿನಿಂದ ಶುರು ಮಾಡಿ ಎರಡೂ ಕಡೆ ಸರಿಸಮ ಎಳೆಯಬೇಕು, ಒಂದೇ ಕಡೆ ಎಳೆದರೆ ಚೌಕಟ್ಟು ಸೊಟ್ಟಗಾಗುತ್ತದೆ. ಆಮೇಲೆ ಅಡ್ಡದವು, ಒಂದರ ಮೇಲೆ ಒಂದರ ಕೆಳಗೆ. ಆ ಹಳೆಯ ಯಂತ್ರ ತಂದ ದಿನ ಅಂಗಡಿಯವನು ಕಲಿಸಲು ಎರಡು ವಾರ ಬೇಕು ಎಂದಿದ್ದ. ನನಗೆ ಒಂದು ಸಂಜೆ ಸಾಕಾಯಿತು. ನಿಮ್ಮಜ್ಜನ ಕುಣಿಮಗ್ಗದ ಮುಂದೆ ಕೂತು ಹಾಸು ಹೊಕ್ಕು ನೋಡಿದ ಬೆರಳುಗಳು ಇವು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಅಜ್ಜ ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಕೂಡಿಸುತ್ತಿದ್ದ. ಆ ಕೆಲಸಕ್ಕೆ ಕೂತಾಗ ಯಾರು ಕರೆದರೂ ಓಗೊಡುತ್ತಿರಲಿಲ್ಲ. ಉಟ್ಟವರ ಮೈಮೇಲೆ ಆ ಕೂಡು ಯಾರ ಕಣ್ಣಿಗೂ ಬೀಳುವುದಿಲ್ಲ.

ನಿಮ್ಮವ್ವ ಕಟಕ ರೊಟ್ಟಿ, ಗುರೆಳ್ಳು ಚಟ್ನಿ, ಅಮೀನಗಡದ ಕರದಂಟು ಕಟ್ಟಿಟ್ಟಿದ್ದಾಳೆ. ಈ ಸಲ ಇಬ್ಬರಿಗೆ ಆಗುವಷ್ಟು. ಬುಧವಾರ ಬರುವಾಗ ಆ ಹುಡುಗಿಯನ್ನೂ ಕರೆದುಕೊಂಡು ಬಾ, ಅವಳ ರ್‍ಯಾಕೆಟ್‌ಗಳನ್ನೂ ತರಲು ಹೇಳು. ನಿನ್ನದು 50 ಪೌಂಡ್ ಬಿಗಿ, ನನಗೆ ಗೊತ್ತು. ಅವಳಿಗೆ ಎಷ್ಟು ಬೇಕು ಎಂದು ಕೇಳಿ ತಿಳಿಸು.

ನಿನ್ನ ಅಪ್ಪ