ಪಾರ್ಥೆನಾನ್ ಶಿಲ್ಪಗಳ ಬೀಗದ ಕೈ ಸಂಸತ್ತಿನಲ್ಲಿದೆ

ಮಾನ್ಯ ಸಂಸತ್ ಸದಸ್ಯರೇ,

ನಾನು ಲಂಡನ್‌ನಲ್ಲಿ, ನಿಮ್ಮ ಕ್ಷೇತ್ರದಲ್ಲಿ ನೆಲೆಸಿರುವ ಕನ್ನಡಿಗ. ನನ್ನದು ಭಾರತದ ಪಾಸ್‌ಪೋರ್ಟ್. ಕಾಮನ್‌ವೆಲ್ತ್ ದೇಶದವನಾದ್ದರಿಂದ ಇಲ್ಲಿ ನನಗೂ ಮತವಿದೆ. ಈ ಪತ್ರವನ್ನು ನಿಮ್ಮ ಕಚೇರಿಗೆ ಇಂಗ್ಲಿಷಿನಲ್ಲಿ ಕಳಿಸಿದ್ದೇನೆ. ಇಲ್ಲಿರುವ ಬೇರೆ ಕನ್ನಡಿಗರೂ ಓದಲಿ, ತಮ್ಮ ತಮ್ಮ ಸಂಸದರನ್ನು ಕೇಳಲಿ ಅಂತ ಕನ್ನಡದಲ್ಲೂ ಹಾಕುತ್ತಿದ್ದೇನೆ.

ನನ್ನ ಕೋರಿಕೆ ಒಂದೇ. 1963ರ ಬ್ರಿಟಿಷ್ ಮ್ಯೂಸಿಯಂ ಕಾಯಿದೆಗೆ ತಿದ್ದುಪಡಿ ತನ್ನಿ. ಪಾರ್ಥೆನಾನ್ ಅಂದರೆ ಗ್ರೀಸ್‌ನ ಅಥೆನ್ಸ್‌ನಲ್ಲಿ ಆಕ್ರೊಪೊಲಿಸ್ ಗುಡ್ಡದ ಮೇಲಿರುವ ಪುರಾತನ ಗುಡಿ. ಅದರ ಶಿಲ್ಪಗಳಲ್ಲಿ ಲಂಡನ್‌ನ ಬ್ರಿಟಿಷ್ ಮ್ಯೂಸಿಯಂನಲ್ಲಿರುವವು ಅಥೆನ್ಸ್‌ಗೆ ಮರಳಲು ದಾರಿ ಮಾಡಿ.

ಈ ವಿಷಯ ಬಂದಾಗಲೆಲ್ಲ, ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಇವನ್ನು ಕಿತ್ತು ಬ್ರಿಟನ್‌ಗೆ ಸಾಗಿಸಿದ ಬ್ರಿಟಿಷ್ ರಾಯಭಾರಿ ಲಾರ್ಡ್ ಎಲ್ಗಿನ್ ಹೆಸರೇ ಜಾಸ್ತಿ ಕೇಳಿಸುತ್ತದೆ. ಕಲ್ಲು ಕೆತ್ತಿದವರ ಮಾತು ಬರುವುದೇ ಇಲ್ಲ. ಪಾರ್ಥೆನಾನ್ ಕಟ್ಟಲು ಶುರುವಾದದ್ದು ಕ್ರಿ.ಪೂ. 447ರಲ್ಲಿ. ಶಿಲ್ಪದ ಕೆಲಸ 432ರ ಹೊತ್ತಿಗೆ ಮುಗಿಯಿತು. ಮೇಲ್ವಿಚಾರಣೆ ಶಿಲ್ಪಿ ಫಿಡಿಯಾಸ್‌ನದು. ಆದರೆ ಗುಡಿಯ ಸುತ್ತ ಸುಮಾರು 160 ಮೀಟರ್ ಉದ್ದದ ಉಬ್ಬುಶಿಲ್ಪದ ಪಟ್ಟಿ, 92 ಚೌಕ ಫಲಕಗಳು, ಎರಡು ಮುಖಗಳ ಮೇಲೂ ದೊಡ್ಡ ದೊಡ್ಡ ಮೂರ್ತಿಗಳು. ಇದು ಒಬ್ಬನ ಕೈಕೆಲಸವಾಗಲು ಸಾಧ್ಯವೇ ಇಲ್ಲ. ಪೆಂಟೆಲಿ ಬೆಟ್ಟದ ಅಮೃತಶಿಲೆಯ ಮೇಲೆ ಎಷ್ಟೋ ಶಿಲ್ಪಿಗಳು ಉಳಿ ಹಿಡಿದಿದ್ದಾರೆ. ಪಟ್ಟಿ ನೆಲದಿಂದ ಸುಮಾರು 12 ಮೀಟರ್ ಎತ್ತರದಲ್ಲಿತ್ತು. ಕೆಳಗೆ ನಿಂತವರಿಗೂ ಸರಿಯಾಗಿ ಕಾಣಲಿ ಅಂತ ಮೇಲಿನ ಭಾಗವನ್ನು ಕೆಳಗಿನದಕ್ಕಿಂತ ಆಳವಾಗಿ ಕೆತ್ತಿದ್ದಾರೆ. ಕುದುರೆಗಳಿಗೆ ಕಂಚಿನ ಲಗಾಮು ಇತ್ತು. ಅದನ್ನು ಸಿಕ್ಕಿಸಿದ್ದ ತೂತುಗಳು ಈಗಲೂ ಕಾಣುತ್ತವೆ. ಮೇಲೆ ಕೂರಿಸಿದ ಮೇಲೆ ಮೂರ್ತಿಗಳ ಬೆನ್ನು ಯಾರ ಕಣ್ಣಿಗೂ ಬೀಳುವಂತಿರಲಿಲ್ಲ. ಆದರೂ ಬೆನ್ನನ್ನೂ ಶ್ರದ್ಧೆಯಿಂದ ಕಡೆದಿದ್ದಾರೆ. ಎಂಥ ಕೆಲಸಗಾರರು!

ಪಾರ್ಥೆನಾನ್ ಪಟ್ಟಿ ಕೆತ್ತಿದವರ ಹೆಸರುಗಳು ಉಳಿದಿಲ್ಲ. ಆದರೆ ಅದೇ ಗುಡ್ಡದ ಮೇಲೆ, ಪಕ್ಕದಲ್ಲೇ ಇರುವ ಎರೆಕ್ಥಿಯಾನ್ ಗುಡಿಯ ಕೂಲಿಯ ಲೆಕ್ಕ ಕಲ್ಲಿನ ಮೇಲೇ ಉಳಿದಿದೆ. ಕ್ರಿ.ಪೂ. 408ರ ಆಸುಪಾಸಿನದು. ಕೆಫಿಸಿಯಾದ ಫೈರೊಮಾಕೊಸ್‌ಗೆ, ಕವಚದ ಪಕ್ಕ ನಿಂತ ಯುವಕನನ್ನು ಕೆತ್ತಿದ್ದಕ್ಕೆ 60 ದ್ರಾಖ್ಮ (ಆಗಿನ ಗ್ರೀಕ್ ನಾಣ್ಯ). ಮೆಲಿಟೆಯಲ್ಲಿ ವಾಸವಿದ್ದ ಪ್ರಾಕ್ಸಿಯಾಸ್‌ಗೆ, ಒಂದು ಕುದುರೆ ಮತ್ತು ಅದರ ಹಿಂದಿನ ಮನುಷ್ಯನಿಗೆ 120. ಅದೇ ಗುಡಿಯ ಲೆಕ್ಕದಲ್ಲಿ ನಗರದ ಪ್ರಜೆ, ಹೊರಗಿಂದ ಬಂದು ನೆಲೆಸಿದವನು, ಗುಲಾಮ ಎಲ್ಲರೂ ಇದ್ದಾರೆ. ದಿನಗೂಲಿ ಎಲ್ಲರಿಗೂ ಒಂದೇ, ಒಂದು ದ್ರಾಖ್ಮ. ಊರಿನ ದುಡ್ಡು ಯಾರಿಗೆ, ಯಾವ ಕೆಲಸಕ್ಕೆ ಹೋಯಿತು ಅಂತ ಊರಿಗೆ ಲೆಕ್ಕ ಒಪ್ಪಿಸಿದ್ದು ಅದು. ಈ ಶಿಲ್ಪಗಳು ಯಾವುದೋ ರಾಜನ ಸ್ವಂತ ಆಸ್ತಿಯಲ್ಲ. ಒಂದು ನಗರ ತನಗಾಗಿ ಮಾಡಿಸಿಕೊಂಡದ್ದು.

ಈಗ ಅವುಗಳ ಸ್ಥಿತಿ ನೋಡಿ. ಪಟ್ಟಿಯ ಸುಮಾರು 75 ಮೀಟರ್ ಲಂಡನ್‌ನಲ್ಲಿದೆ. ಉಳಿದಿರುವ ಬೇರೆ ಭಾಗ ಹೆಚ್ಚಾಗಿ ಅಥೆನ್ಸ್‌ನಲ್ಲಿದೆ. ಪೊಸೈಡನ್ ದೇವರ ಒಂದೇ ಮೈ ಎರಡು ಊರುಗಳಲ್ಲಿ ಹಂಚಿಹೋಗಿದೆ. ಎಲ್ಗಿನ್‌ನ ಜನ ಸಾಗಿಸಲು ಹಗುರವಾಗಲಿ ಅಂತ ಪಟ್ಟಿಯ ಕಲ್ಲುಗಳ ಹಿಂಭಾಗವನ್ನು ಗರಗಸದಿಂದ ಕೊಯ್ದರು. ಗುಡಿಯಲ್ಲಿ ಹೊರಕ್ಕೆ ಮುಖ ಮಾಡಿದ್ದ ಪಟ್ಟಿಯನ್ನು ಲಂಡನ್‌ನಲ್ಲಿ ಕೋಣೆಯ ಒಳಗೋಡೆಗಳಿಗೆ ಹಚ್ಚಿದ್ದಾರೆ. ಅಥೆನ್ಸ್‌ನಲ್ಲಿ 2009ರಲ್ಲಿ ತೆರೆದ ಆಕ್ರೊಪೊಲಿಸ್ ಮ್ಯೂಸಿಯಂನ ಮೇಲಂತಸ್ತಿನಲ್ಲಿ ಅದನ್ನು ಹೊರಗಿನಿಂದ ಸುತ್ತು ಹಾಕುತ್ತಾ ನೋಡಬಹುದು, ಗುಡಿಯಲ್ಲಿದ್ದ ದಿಕ್ಕಿನಲ್ಲೇ. ಲಂಡನ್‌ನಲ್ಲಿರುವ ಕಲ್ಲುಗಳ ಜಾಗದಲ್ಲಿ ಅಲ್ಲಿ ಬಿಳಿ ಪ್ಲಾಸ್ಟರ್ ಅಚ್ಚುಗಳಿವೆ.

ನಾವು ಚೆನ್ನಾಗಿ ಕಾಪಾಡಿದ್ದೇವೆ ಅನ್ನುವ ಬ್ರಿಟಿಷ್ ಮ್ಯೂಸಿಯಂನವರ ವಾದ ಗೊತ್ತು. 1937-38ರಲ್ಲಿ ಲಂಡನ್‌ನಲ್ಲೇ ಬೆಳ್ಳಗಾಗಲಿ ಅಂತ ತಾಮ್ರದ ಸಲಕರಣೆಗಳಿಂದ ಕೆರೆದು ಮೇಲ್ಮೈ ಹಾಳು ಮಾಡಿದ್ದೂ ಅಷ್ಟೇ ನಿಜ.

ಇದನ್ನೆಲ್ಲ ಮ್ಯೂಸಿಯಂಗೆ ಬರೆಯದೆ ನಿಮಗೆ ಬರೆಯಲು ಕಾರಣವಿದೆ. 1816ರಲ್ಲಿ ಎಲ್ಗಿನ್‌ಗೆ 35,000 ಪೌಂಡ್ ಕೊಟ್ಟು ಇವನ್ನು ಕೊಳ್ಳಲು ಒಪ್ಪಿದ್ದು ನಿಮ್ಮ ಸಂಸತ್ತು. ಆವತ್ತೂ ಎಲ್ಲರೂ ಒಪ್ಪಿರಲಿಲ್ಲ. ಹ್ಯೂ ಹ್ಯಾಮರ್ಸ್‌ಲಿ ಎಂಬ ಸದಸ್ಯರು ಎದ್ದು ನಿಂತು ಒಂದು ತಿದ್ದುಪಡಿ ಮಂಡಿಸಿದರು. ಅಥೆನ್ಸ್ ಯಾರ ಕೈಯಲ್ಲೇ ಇರಲಿ, ಅವರು ಕೇಳುವವರೆಗೆ ಮಾತ್ರ ಬ್ರಿಟನ್ ಇವನ್ನು ಅವರ ಪರವಾಗಿ ಇಟ್ಟುಕೊಂಡಿರಲಿ ಎನ್ನುವುದು ಅದರ ತಿರುಳು. ಗ್ರೀಸ್ ಆಗಿನ್ನೂ ಒಟ್ಟೋಮನ್ ತುರ್ಕರ ಆಳ್ವಿಕೆಯಲ್ಲಿತ್ತು. ಅಂಥ ಹೊತ್ತಿನಲ್ಲಿ ಅಷ್ಟು ದೂರ ಯೋಚಿಸಿದ ಒಬ್ಬ ಸದಸ್ಯರು ನಿಮ್ಮ ಸದನದಲ್ಲೇ ಇದ್ದರು! ಅವರ ತಿದ್ದುಪಡಿ ಗೆಲ್ಲಲಿಲ್ಲ. ಅಥೆನ್ಸ್ ಈಗ ಎಷ್ಟೋ ವರ್ಷಗಳಿಂದ ಕೇಳುತ್ತಿದೆ.

1963ರ ಕಾಯಿದೆಯ ಪ್ರಕಾರ ಮ್ಯೂಸಿಯಂ ನಡೆಸುವ ಟ್ರಸ್ಟಿಗಳು ಸಂಗ್ರಹದ ವಸ್ತುಗಳನ್ನು ತಾವಾಗಿ ಬಿಟ್ಟುಕೊಡುವಂತಿಲ್ಲ, ಕೆಲವೇ ಸಣ್ಣ ವಿನಾಯಿತಿಗಳನ್ನು ಬಿಟ್ಟು. ಎರವಲು ಕೊಡಬಹುದು ಅಷ್ಟೇ. 2014ರಲ್ಲಿ ಪಾರ್ಥೆನಾನ್‌ನ ಒಂದು ಮೂರ್ತಿಯನ್ನು ಸೇಂಟ್ ಪೀಟರ್ಸ್‌ಬರ್ಗ್‌ಗೆ ಹಾಗೇ ಕಳಿಸಿದ್ದರು. ಆದರೆ ತನ್ನದೇ ವಸ್ತುವನ್ನು ಎರವಲು ಅಂತ ಗ್ರೀಸ್ ಹೇಗೆ ಒಪ್ಪೀತು, ಹೇಳಿ? ಕಾಯಿದೆ ಬದಲಿಸುವುದು ಹೊಸದೇನಲ್ಲ. ಮನುಷ್ಯರ ಅವಶೇಷಗಳನ್ನು ಹಿಂದಿರುಗಿಸಲು 2004ರಲ್ಲಿ, ನಾಜಿಗಳ ಕಾಲದಲ್ಲಿ ಕಸಿದ ವಸ್ತುಗಳಿಗಾಗಿ 2009ರಲ್ಲಿ ಸಂಸತ್ತು ದಾರಿ ತೆರೆದಿದೆ. ಇನ್ನೊಂದು ಸಲ ತೆರೆಯಬಹುದು. ವ್ಯಾಟಿಕನ್ ತನ್ನಲ್ಲಿದ್ದ ಪಾರ್ಥೆನಾನ್‌ನ ಮೂರು ತುಣುಕುಗಳನ್ನು 2023ರಲ್ಲಿ ಗ್ರೀಸ್‌ಗೆ ಕೊಟ್ಟಿತು.

ಇಡೀ ಮ್ಯೂಸಿಯಂ ಖಾಲಿ ಮಾಡಿ ಅಂತ ನಾನು ಕೇಳುತ್ತಿಲ್ಲ. ಈ ಶಿಲ್ಪಗಳನ್ನು ಹೆಸರಿಸಿ, ಮರಳಿಸುವ ಅಧಿಕಾರವನ್ನು ಟ್ರಸ್ಟಿಗಳಿಗೆ ಕೊಡುವ ಚಿಕ್ಕ ಮಸೂದೆ ಸಾಕು. ಅಂಥದ್ದನ್ನು ನೀವು ಮಂಡಿಸುತ್ತೀರಾ? ಬೇರೆಯವರು ಮಂಡಿಸಿದರೆ ಅದರ ಪರ ಮತ ಹಾಕುತ್ತೀರಾ? ಈ ಎರಡು ಪ್ರಶ್ನೆಗಳಿಗೆ ಹೌದು ಅಥವಾ ಇಲ್ಲ ಅಂತ ಬರೆದು ತಿಳಿಸಿ. ನಿಮ್ಮ ಉತ್ತರವನ್ನು ಇಲ್ಲಿನ ಕನ್ನಡಿಗರ ಮುಂದೆ ಹಾಗೇ ಇಡುತ್ತೇನೆ.

ಗೌರವದಿಂದ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ