ಒಂದೇ ಪಾರ್ಟ್ ನಂಬರಿನಲ್ಲಿ ಎರಡು ಬಗೆಯ ಪ್ರೈಮರ್ ಬಲ್ಬ್: ದೂರು ಪತ್ರ

ಇವರಿಗೆ,
ಮುಖ್ಯಸ್ಥರು,
ಬಿಡಿಭಾಗಗಳು ಮತ್ತು ಗ್ರಾಹಕ ಸೇವಾ ವಿಭಾಗ

ವಿಷಯ: ಲಾನ್ ಮೋವರ್ ಕಾರ್ಬ್ಯುರೇಟರಿನ ಪ್ರೈಮರ್ ಬಲ್ಬ್ ಕಿಟ್‌ನಲ್ಲಿ ತಪ್ಪು ಭಾಗ, ಉಂಗುರವಿಲ್ಲದ ಪೊಟ್ಟಣ ಮತ್ತು ದಾರಿ ತಪ್ಪಿಸುವ ಸೂಚನಾ ಚೀಟಿ

ಮಾನ್ಯರೇ,

ನಿಮ್ಮ ತಳ್ಳುವ ಲಾನ್ ಮೋವರಿನಲ್ಲಿ ಗಾಳಿಗೆ ಪೆಟ್ರೋಲ್ ಬೆರೆಸುವ ಫ್ಲೋಟ್ ಕಾರ್ಬ್ಯುರೇಟರಿಗೆಂದು ನೀವು ಮಾರುವ ಪ್ರೈಮರ್ ಬಲ್ಬ್ (ಸ್ಟಾರ್ಟ್ ಮಾಡುವ ಮೊದಲು ಪೆಟ್ರೋಲ್ ಹಾಯಿಸಲು ಒತ್ತುವ ರಬ್ಬರ್ ಗುಮ್ಮಟ) ಕಿಟ್‌ನ 5 ಪೊಟ್ಟಣಗಳನ್ನು ತರಿಸಿಕೊಂಡೆವು. ಐದರ ಮೇಲೂ ಒಂದೇ ಪಾರ್ಟ್ ನಂಬರ್, ಒಂದೇ ಚಿತ್ರ. ಒಳಗಿನ ಬಲ್ಬುಗಳು ಮಾತ್ರ ಎರಡು ಬಗೆ. ಎರಡು ಬಲ್ಬುಗಳ ನೆತ್ತಿಯಲ್ಲಿ ಸಣ್ಣ ತೂತಿದೆ, ಉಳಿದ ಮೂರರಲ್ಲಿ ಇಲ್ಲ. ಯಂತ್ರದಿಂದ ಬಿಚ್ಚಿದ ಹಳೆಯ ಬಲ್ಬುಗಳಲ್ಲಿ ಎಲ್ಲದರಲ್ಲೂ ತೂತಿತ್ತು.

ಆ ತೂತು ಅಚ್ಚಿನ ಗುರುತೂ ಅಲ್ಲ, ಅಲಂಕಾರವೂ ಅಲ್ಲ. ಬಲ್ಬ್ ಒತ್ತಿದಾಗ ಹೆಬ್ಬೆರಳು ಅದನ್ನು ಮುಚ್ಚುತ್ತದೆ. ಒಳಗಿನ ಗಾಳಿ ಕಾರ್ಬ್ಯುರೇಟರಿನ ಪೆಟ್ರೋಲ್ ಬಟ್ಟಲಾದ ಫ್ಲೋಟ್ ಬೌಲ್‌ಗೆ ನುಗ್ಗಿ, ಅಲ್ಲಿರುವ ಪೆಟ್ರೋಲನ್ನು ಮೇನ್ ಜೆಟ್ ಎಂಬ ಸಣ್ಣ ರಂಧ್ರದಿಂದ ಮೇಲಕ್ಕೆ ತಳ್ಳುತ್ತದೆ. ಬೆರಳು ತೆಗೆದ ಕೂಡಲೇ ಅದೇ ತೂತಿನಿಂದ ಹೊರಗಿನ ಗಾಳಿ ಬಂದು ಬಲ್ಬ್ ಮತ್ತೆ ಉಬ್ಬುತ್ತದೆ. ಇದಿಷ್ಟು ಎಲ್ಲರಿಗೂ ಕಾಣುವ ಕೆಲಸ. ಕಾಣದ ಕೆಲಸ ನಡೆಯುವುದು ಎಂಜಿನ್ ಓಡುವಾಗ. ಈ ಮಾದರಿಯಲ್ಲಿ ಫ್ಲೋಟ್ ಬೌಲ್‌ನ ಉಸಿರಾಟವೇ ಆ ತೂತಿನ ಮೂಲಕ. ಬೌಲ್‌ನಿಂದ ಪೆಟ್ರೋಲ್ ಖರ್ಚಾದಂತೆ ಅದರ ಜಾಗಕ್ಕೆ ಗಾಳಿ ಬರಬೇಕು, ಬೌಲ್‌ನೊಳಗೆ ಹೊರಗಿನಷ್ಟೇ ಒತ್ತಡ ನಿಲ್ಲಬೇಕು. ಆಗ ಮಾತ್ರ ವೆಂಚುರಿಯ (ಗಾಳಿ ಹಾಯುವ ಕಿರಿದಾದ ಕೊರಳಿನ) ಸೆಳೆತಕ್ಕೆ ಪೆಟ್ರೋಲ್ ಏರಿ ಬರುತ್ತದೆ. ಈ ಗಾಳಿದಾರಿ, ಅಂದರೆ ವೆಂಟ್, ಮುಚ್ಚಿದರೆ ಬೌಲ್‌ನ ಒತ್ತಡ ಇಳಿದು ಎಂಜಿನ್‌ಗೆ ಪೆಟ್ರೋಲ್ ಸಾಲದೆ ಹೋಗುತ್ತದೆ.

ತೂತಿಲ್ಲದ ಬಲ್ಬ್ ಹಾಕಿದ ಮೋವರಿನಲ್ಲಿ ಆದದ್ದೂ ಇದೇ. ಮೊದಲ ಎಳೆತಕ್ಕೇ ಸ್ಟಾರ್ಟ್ ಆಗುತ್ತದೆ, ಕೆಲಸ ಸರಿಯಾಯಿತು ಎಂದುಕೊಳ್ಳುತ್ತೇವೆ. ಕೆಲವು ನಿಮಿಷ ಕಳೆಯುವಷ್ಟರಲ್ಲಿ ಎಂಜಿನ್ ವೇಗ ಏರಿಳಿಯತೊಡಗುತ್ತದೆ, ದಟ್ಟ ಹುಲ್ಲಿಗೆ ಹೋದೊಡನೆ ಸೊರಗಿ ನಿಂತುಬಿಡುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಎಳೆದರೆ ಮತ್ತೆ ಓಡುತ್ತದೆ, ಮತ್ತೆ ನಿಲ್ಲುತ್ತದೆ. ಈ ಲಕ್ಷಣ ನೋಡಿದ ಯಾರೇ ಆದರೂ ಟ್ಯಾಂಕ್ ಮುಚ್ಚಳದ ಗಾಳಿಕಿಂಡಿ ಕಟ್ಟಿದೆ ಎಂದೋ ಜೆಟ್‌ನಲ್ಲಿ ಕಸ ಸೇರಿದೆ ಎಂದೋ ಹುಡುಕಲು ಹೊರಡುತ್ತಾರೆ. ಮುಚ್ಚಳ ಸಡಿಲಿಸಿದರೆ ಏನೂ ಬದಲಾಗದು, ಕಾರ್ಬ್ಯುರೇಟರ್ ಬಿಚ್ಚಿ ತೊಳೆದರೂ ಬದಲಾಗದು. ಬಲ್ಬನ್ನೇ ಗಮನಿಸಿದರೆ ಮಾತ್ರ ಗುಟ್ಟು ತಿಳಿಯುತ್ತದೆ: ಎಂಜಿನ್ ಓಡುತ್ತಿರುವಂತೆಯೇ ಆ ರಬ್ಬರ್ ಗುಮ್ಮಟ ಯಾರೂ ಮುಟ್ಟದೆ ಮೆಲ್ಲಗೆ ಒಳಕ್ಕೆ ಕುಸಿಯುತ್ತದೆ. ಬಲ್ಬ್ ಕಿತ್ತ ಕ್ಷಣ ಎಂಜಿನ್ ಚೇತರಿಸಿಕೊಳ್ಳುತ್ತದೆ. ಮೂರೂ ಬಲ್ಬುಗಳಲ್ಲಿ ಇದನ್ನು ಖಚಿತಪಡಿಸಿಕೊಂಡ ಮೇಲೆಯೇ ಈ ಪತ್ರ ಬರೆಯುತ್ತಿದ್ದೇವೆ.

ಸೂಜಿಯಿಂದ ಒಂದು ತೂತು ಮಾಡಿಕೊಳ್ಳಿ ಎಂದು ನಿಮ್ಮ ಸಹಾಯವಾಣಿಯಿಂದ ಸಲಹೆ ಬಂತು. ದಯವಿಟ್ಟು ಈ ಸಲಹೆಯನ್ನು ಇನ್ನಾರಿಗೂ ಕೊಡಬೇಡಿ. ಅಚ್ಚಿನಲ್ಲೇ ಮೂಡಿದ ತೂತಿಗೆ ನಯವಾದ, ದುಂಡನೆಯ ಅಂಚಿರುತ್ತದೆ. ಸೂಜಿ ಚುಚ್ಚಿದ ಕಡೆ ರಬ್ಬರ್ ತಾನಾಗಿ ಮುಚ್ಚಿಕೊಳ್ಳುತ್ತದೆ, ಇಲ್ಲವೇ ಒತ್ತಿದಂತೆಲ್ಲ ಸೀಳು ಉದ್ದವಾಗುತ್ತದೆ. ತೂತಿಲ್ಲದ ಬಲ್ಬ್ ಕೂಡ ಸರಿಯಾದ ಭಾಗವೇ, ಆದರೆ ಬೌಲ್‌ಗೆ ಬೇರೆ ಕಡೆ ವೆಂಟ್ ಇರುವ ಕಾರ್ಬ್ಯುರೇಟರಿಗೆ. ಎರಡನ್ನೂ ಒಂದೇ ನಂಬರಿನ ಕೆಳಗೆ ಮಾರುವುದು ತಪ್ಪು.

ಎರಡನೆಯ ದೂರು ಉಂಗುರದ್ದು. ಬಲ್ಬನ್ನು ಗುಳಿಯಲ್ಲಿ ಹಿಡಿದಿಡುವುದು ಹೊರಮುಖವಾಗಿ ಹಲ್ಲುಗಳಿರುವ ತೆಳು ಲೋಹದ ಉಂಗುರ. ಅದನ್ನು ಹೊರಗೆ ತೆಗೆಯಬೇಕಾದರೆ ಚಪ್ಪಟೆ ಸ್ಕ್ರೂಡ್ರೈವರ್ ತುದಿಯಿಂದ ಮೀಟಲೇಬೇಕು, ಮೀಟಿದರೆ ಹಲ್ಲು ಬಾಗಲೇಬೇಕು. ಬಾಗಿದ್ದನ್ನು ನೆಟ್ಟಗೆ ಮಾಡಿ ಮತ್ತೆ ಕೂರಿಸಿದರೆ ಮೊದಲಿನ ಹಿಡಿತ ಬರುವುದಿಲ್ಲ. ನಾಲ್ಕಾರು ಸಲ ಒತ್ತುವುದರೊಳಗೆ ಬಲ್ಬಿನ ಸುತ್ತಂಚಿನ ಚಾಚು ಒಂದು ಬದಿ ಎದ್ದು, ಗಾಳಿ ಅಲ್ಲಿಂದ ಸೋರಿ, ಪ್ರೈಮ್ ಆಗುವುದೇ ನಿಲ್ಲುತ್ತದೆ. ಅಂದರೆ ಈ ಉಂಗುರ ಒಂದೇ ಸಲದ ಬಳಕೆಗೆ. ನಿಮ್ಮ ಪೊಟ್ಟಣದ ಮೇಲಿನ ಚಿತ್ರದಲ್ಲಿ ಉಂಗುರವಿದೆ, ಐದರಲ್ಲಿ ಒಂದರ ಒಳಗೂ ಇಲ್ಲ.

ಇನ್ನು ಸೂಚನಾ ಚೀಟಿ. ಅದರಲ್ಲಿರುವುದು ಎರಡೇ ಸಾಲು. ಹಳೆಯದನ್ನು ತೆಗೆದು ಹೊಸದನ್ನು ಒತ್ತಿ ಕೂರಿಸಿ ಎಂಬುದು ಮೊದಲನೆಯದು. ಬಲ್ಬಿನಲ್ಲಿ ಪೆಟ್ರೋಲ್ ಕಾಣುವ ತನಕ ಒತ್ತುತ್ತಿರಿ ಎಂಬುದು ಎರಡನೆಯದು. ಈ ಎರಡನೆಯ ಸಾಲು ಅಪಾಯಕಾರಿ. ಅದು ಬೌಲ್‌ನ ಬದಲು ತೆಳು ಪೊರೆಯಿಂದ ಕೆಲಸ ಮಾಡುವ ಡಯಾಫ್ರಮ್ ಕಾರ್ಬ್ಯುರೇಟರ್ ಇರುವ ಟ್ರಿಮ್ಮರಿನ (ಕೈಯಲ್ಲಿ ಹಿಡಿದು ಹುಲ್ಲು ಕತ್ತರಿಸುವ ಯಂತ್ರದ) ಮಾತು. ಅಲ್ಲಿ ಬಲ್ಬ್ ಪೆಟ್ರೋಲನ್ನೇ ಎಳೆದು ಹೆಚ್ಚಾದದ್ದನ್ನು ಟ್ಯಾಂಕಿಗೆ ವಾಪಸು ಕಳಿಸುತ್ತದೆ, ಹಾಗಾಗಿ ಹತ್ತು ಸಲ ಒತ್ತಿದರೂ ತೊಂದರೆಯಿಲ್ಲ. ಈ ಮೋವರಿನ ಬಲ್ಬ್ ತಳ್ಳುವುದು ಬರೀ ಗಾಳಿಯನ್ನು. ಅದರೊಳಗೆ ಪೆಟ್ರೋಲ್ ಕಾಣಿಸಲೇಬಾರದು, ಕಾಣಿಸಿದರೆ ಬೌಲ್ ತುಂಬಿದಾಗ ಪೆಟ್ರೋಲ್ ತಡೆಯುವ ಫ್ಲೋಟ್ ಸೂಜಿ ಸೋರುತ್ತಿದೆ ಎಂದರ್ಥ. ಚೀಟಿ ನಂಬಿದವರು ಒತ್ತುತ್ತಲೇ ಇರುತ್ತಾರೆ. ಪೆಟ್ರೋಲ್ ಇನ್‌ಟೇಕ್‌ನಲ್ಲಿ (ಎಂಜಿನ್‌ಗೆ ಗಾಳಿ ಹೋಗುವ ದಾರಿಯಲ್ಲಿ) ತುಂಬಿ ಏರ್ ಫಿಲ್ಟರಿಗೆ ಇಳಿಯುತ್ತದೆ, ಸ್ಪಾರ್ಕ್ ಪ್ಲಗ್ ಒದ್ದೆಯಾಗುತ್ತದೆ, ಸಿಲಿಂಡರ್ ಗೋಡೆಯ ಎಣ್ಣೆಪೊರೆ ತೊಳೆದುಹೋಗುತ್ತದೆ. ತಣ್ಣಗಿನ ಎಂಜಿನ್‌ಗೆ 3ರಿಂದ 5 ಸಲ, ಒಂದೊಂದು ಒತ್ತಿನ ನಡುವೆ ಸುಮಾರು 2 ಸೆಕೆಂಡ್ ಬಿಟ್ಟು ಒತ್ತಿದರೆ ಸಾಕು. ಬಿಸಿ ಎಂಜಿನ್‌ಗೆ ಸಾಮಾನ್ಯವಾಗಿ ಅದೂ ಬೇಡ.

ಚೀಟಿಯಲ್ಲಿ ಇರಬೇಕಾದ ಮಾತು ಇದು, ಹೀಗೆಯೇ ಅಚ್ಚು ಹಾಕಿಸಿದರೂ ನಮ್ಮ ಅಭ್ಯಂತರವಿಲ್ಲ: ಎಂಜಿನ್ ತಣ್ಣಗಾಗಲಿ. ಸ್ಪಾರ್ಕ್ ಪ್ಲಗ್ ವೈರ್ ಕಿತ್ತು ದೂರ ಇಡಿ. ಏರ್ ಫಿಲ್ಟರ್ ತೆಗೆದು, ಬಲ್ಬ್ ಕೂತಿರುವ ಬೇಸಿನ ಸ್ಕ್ರೂಗಳನ್ನು ಬಿಚ್ಚಿ. ಬೇಸಿನ ಹಿಂದಿನ ಗ್ಯಾಸ್ಕೆಟ್ ಹರಿಯದಂತೆ ನೋಡಿಕೊಳ್ಳಿ. ಹಳೆಯ ಬಲ್ಬ್ ತೆಗೆಯುವ ಮೊದಲು ನೆತ್ತಿಯಲ್ಲಿ ತೂತಿದೆಯೇ ಎಂದು ನೋಡಿ, ಹೊಸದೂ ಹಾಗೆಯೇ ಇರಬೇಕು. ಗುಳಿಯಲ್ಲಿ ಅಂಟಿದ ರಬ್ಬರ್ ಚೂರು, ಹುಲ್ಲಿನ ಧೂಳು ಒರೆಸಿ, ತಳದ ಗಾಳಿರಂಧ್ರ ತೆರೆದಿರುವುದನ್ನು ಖಚಿತಪಡಿಸಿಕೊಳ್ಳಿ. ಹೊಸ ಬಲ್ಬಿನ ಮೇಲೆ ಹೊಸ ಉಂಗುರವಿಟ್ಟು, ಉಂಗುರದ ಅಂಚಿಗಷ್ಟೇ ತಾಗುವ ಅಳತೆಯ ಉದ್ದ ಸಾಕೆಟ್‌ನಿಂದ ನೇರವಾಗಿ ಒತ್ತಿ. ಸ್ಕ್ರೂಡ್ರೈವರಿನಿಂದ ಒಂದೊಂದೇ ಬದಿ ತಳ್ಳಿದರೆ ಉಂಗುರ ವಾರೆಯಾಗುತ್ತದೆ, ಚಾಚು ಕತ್ತರಿಸಿಹೋಗುತ್ತದೆ. ಕೂತ ಮೇಲೆ ಬೆರಳಿಂದ ಒತ್ತಿದರೆ ಪ್ರತಿರೋಧ ಸಿಗಬೇಕು, ಬಿಟ್ಟರೆ ಥಟ್ಟನೆ ಉಬ್ಬಬೇಕು.

ಆದ್ದರಿಂದ ತೂತಿಲ್ಲದ 3 ಬಲ್ಬುಗಳ ಬದಲು ತೂತಿರುವವನ್ನೂ, ಐದಕ್ಕೂ ಉಂಗುರಗಳನ್ನೂ ನಿಮ್ಮ ಸಾಗಣೆ ಖರ್ಚಿನಲ್ಲೇ ಕಳಿಸಿಕೊಡಿ. ಎರಡು ಬಗೆಯ ಬಲ್ಬುಗಳಿಗೆ ಬೇರೆ ಬೇರೆ ಪಾರ್ಟ್ ನಂಬರ್ ಕೊಡಿ, ಪೊಟ್ಟಣದ ಮೇಲೆ ‘ವೆಂಟ್ ಇದೆ’, ‘ವೆಂಟ್ ಇಲ್ಲ’ ಎಂದು ದೊಡ್ಡದಾಗಿ ಬರೆಸಿ. ಅದು ಆಗುವ ತನಕ ಈ ನಂಬರಿನ ದಾಸ್ತಾನು ಮಾರುವುದನ್ನು ನಿಲ್ಲಿಸಿ. ಈಗಾಗಲೇ ಕೊಂಡವರಿಗೆ ಸೂಚನಾ ಚೀಟಿಯ ಎರಡನೆಯ ಸಾಲು ತಪ್ಪೆಂದು ತಿಳಿಸಿ.

ಮೂರು ಬಲ್ಬುಗಳು, ಹೋಲಿಕೆಗೆ ಒಂದು ಹಳೆಯ ಬಲ್ಬ್, ಬಾಗಿದ ಉಂಗುರ ಮತ್ತು ಚೀಟಿಯ ಪ್ರತಿಯನ್ನು ಇದರೊಂದಿಗೆ ಇಟ್ಟಿದ್ದೇವೆ. 15 ದಿನಗಳೊಳಗೆ ಲಿಖಿತ ಉತ್ತರ ಕೊಡಬೇಕೆಂದು ಕೋರುತ್ತೇವೆ.

ಇಂತಿ,
ಲಾನ್ ಮೋವರ್ ದುರಸ್ತಿ ಕೆಲಸಗಾರರು